ಜೋಲಿ ಸೀಟಿನ ಸೈಕಲ್ಲು

ಮದುವೆಯಾಗಿ ಗುಳೇದಗುಡ್ಡದಿಂದ ಪುಣೆಗೆ ಬಂದಾಗ ಸೈಕಲ್ಲಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಗಂಡನ ಮನೆಯವರು ಖಣದ ವ್ಯಾಪಾರಿಗಳು. ನಮ್ಮೂರ ಮಗ್ಗಗಳಲ್ಲಿ ನೇಯ್ದ ಕುಪ್ಪಸದ ಖಣಗಳನ್ನು ತರಿಸಿ ಪುಣೆಯ ಪೇಟೆಯಲ್ಲಿ ಮಾರುತ್ತಿದ್ದರು. ಅಣ್ಣತಮ್ಮಂದಿರಲ್ಲಿ ನಮ್ಮವರೊಬ್ಬರೇ ಬಟ್ಟೆಯ ಗಂಟು ಬಿಟ್ಟು ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿ ಸೈಕಲ್ ಅಂಗಡಿ ಇಟ್ಟವರು. ಮುಂದೆ ಬಾಡಿಗೆಯ ಸೈಕಲ್ಲುಗಳ ಸಾಲು, ಅದರ ಹಿಂದೆ ರಿಪೇರಿಯ ಜಾಗ, ಅದರ ಹಿಂದೆ ನಮ್ಮ ಎರಡು ಕೋಣೆಗಳು. ನಡುವೆ ಒಂದು ಪರದೆ. ಒಲೆಯ ಮುಂದೆ ಕೂತರೆ ಪರದೆಯ ಸಂದಿಯಿಂದ ಅಂಗಡಿಯಲ್ಲಿ ನಡೆಯುವುದೆಲ್ಲ ಕಾಣುತ್ತಿತ್ತು. ಹಾಗೆ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಅಂಗಡಿಯಲ್ಲಿ ನಮ್ಮವರ ಜೊತೆ ಇದ್ದವರು ಒಬ್ಬರೇ ಮಿಸ್ತ್ರಿ. ಬಿಜಾಪುರದ ಕಡೆಯ ಮುಸಲ್ಮಾನರು, ಐವತ್ತು ದಾಟಿದವರು. ಅಂಗಡಿ ತೆರೆದ ದಿನದಿಂದ ಅಲ್ಲಿದ್ದರು. ಹನ್ನೊಂದು ವರ್ಷ. ನಿಜ ಹೇಳಬೇಕೆಂದರೆ ನಮ್ಮವರಿಗೆ ನಟ್ಟು ಬಿಚ್ಚುವ ಪಾನಾ ಹಿಡಿಯಲು ಕಲಿಸಿದವರೇ ಅವರು. ನಾವು ಅವರನ್ನು ಚಾಚಾ ಎನ್ನುತ್ತಿದ್ದೆವು. ಅವರು ನನ್ನನ್ನು ತಂಗೆವ್ವ ಎಂದು ಕರೆಯುತ್ತಿದ್ದರು. ಪುಣೆಗೆ ಬಂದ ಹೊಸದರಲ್ಲಿ ಸುತ್ತಲೂ ಮರಾಠಿ ಕೇಳಿ ಕೇಳಿ ಕಿವಿ ದಣಿದಾಗ ಅವರ ಬಿಜಾಪುರದ ಮಾತು ಕೇಳಿದರೆ ನನಗೆ ತವರಿನವರನ್ನು ಕಂಡಂತಾಗುತ್ತಿತ್ತು. ಇದನ್ನು ಮೊದಲೇ ಹೇಳುತ್ತಿದ್ದೇನೆ. ಮುಂದೆ ನಾನು ಮಾಡಿದ್ದನ್ನು ಓದುವಾಗ ಇದು ನೆನಪಿರಲಿ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲು, ಒಂದು ಬೆಳಿಗ್ಗೆ, ಕೈಗಾಡಿಯ ಮೇಲೆ ಒಂದು ವಿಚಿತ್ರ ಸೈಕಲ್ ಬಂತು. ಗಾಡಿಯ ಪಕ್ಕದಲ್ಲಿ ಅದರ ಮಾಲಕರು ನಡೆದು ಬಂದರು, ಒಂದು ಕೈ ಸೈಕಲ್ಲಿನ ಮೇಲೇ ಇತ್ತು. ಅವರು ಸರಕಾರಿ ರಸ್ತೆ ಖಾತೆಯಲ್ಲಿ ಓವರ್ಸಿಯರ್ ಆಗಿ ನಿವೃತ್ತರಾದವರು. ಧಾರವಾಡದ ಕಡೆಯವರೇ, ಆದರೆ ಪುಣೆಯಲ್ಲಿ ಮೂವತ್ತು ವರ್ಷ ಕಳೆದವರು. ಕರೀ ಟೋಪಿ, ಮುಚ್ಚಿದ ಕೋಟು, ಕೋಟಿನ ಕಿಸೆಯಲ್ಲಿ ಒಂದು ನೋಟ್‌ಬುಕ್ಕು.

ಅಂಥ ಸೈಕಲ್ಲನ್ನು ನಾನಿರಲಿ, ಚಾಚಾ ಕೂಡ ನೋಡಿರಲಿಲ್ಲ. ಬೇರೆ ಸೈಕಲ್ಲುಗಳಿಗೆ ದಪ್ಪನೆಯ ನಾಲ್ಕು ಕೊಳವೆ ಇದ್ದರೆ ಇದಕ್ಕೆ ಬೆರಳು ಗಾತ್ರದ ಕೊಳವೆಗಳು ಜೋಡಿ ಜೋಡಿಯಾಗಿ ಓಡಿ, ಎಲ್ಲ ಕಡೆ ತ್ರಿಕೋನಗಳಾಗಿ ಕೂಡುತ್ತಿದ್ದವು. ಮುಂದಿನ ಗಾಲಿಯನ್ನು ಹಿಡಿಯುವ ಚಿಮಟಾ ಕೂಡ ಹಾಗೆಯೇ, ಸಣ್ಣ ಕೊಳವೆಗಳದು, ಮೇಲಕ್ಕೆ ಹೋಗಿ ಮೊನೆಯಾಗುತ್ತಿತ್ತು. ಸೀಟು ಇರಬೇಕಾದಲ್ಲಿ ಚರ್ಮದ ಸೀಟಿರಲಿಲ್ಲ. ಮುಂದಿನ ಮೊನೆಯಿಂದ ಹಿಂದಿನ ತುದಿಗೆ ಹುರಿಯಿಂದ ಹೆಣೆದ ಒಂದು ಪುಟ್ಟ ಜೋಲಿ ಕಟ್ಟಿದ್ದರಂತೆ, ಈಗ ಅದರ ಕೊಳೆತ ನಾಲ್ಕು ಎಳೆಗಳು ಮಾತ್ರ ಉಳಿದಿದ್ದವು. ಸವಾರ ಆ ಜೋಲಿಯಲ್ಲಿ ಕೂತು ತುಳಿಯಬೇಕು. ಮಗುವಿನ ಜೋಲಿಯ ಹಾಗೆ, ಎಂದು ನನಗೆ ಪರದೆಯ ಹಿಂದೆಯೇ ನಗು ಬಂತು.

ಪುಣೆಯ ಪಕ್ಕದ ಖಡಕಿಯ ದಂಡಿನಿಂದ ವಿಲಾಯತಿಗೆ ವಾಪಸು ಹೊರಟಿದ್ದ ಒಬ್ಬ ಮಿಲಿಟರಿ ಅಧಿಕಾರಿಯಿಂದ ಓವರ್ಸಿಯರ್ ಸಾಹೇಬರು ಅದನ್ನು ಇಪ್ಪತ್ತು ವರ್ಷದ ಹಿಂದೆ ಕೊಂಡಿದ್ದರು. ಜೊತೆಗೆ ಆ ಅಧಿಕಾರಿ ಕಾರಖಾನೆಯ ಕ್ಯಾಟಲಾಗಿನ ಒಂದು ಹಾಳೆಯನ್ನೂ ಕೊಟ್ಟಿದ್ದ. ಸಾಹೇಬರು ಅದನ್ನು ಮಡಿಕೆ ಬಿಚ್ಚಿ ಮೇಜಿನ ಮೇಲೆ ಹರಡಿದರು. ಈ ಸೈಕಲ್ಲುಗಳಲ್ಲಿ ಎರಡು ಬಗೆ ಇವೆ ಎಂದು ವಿವರಿಸಿದರು. ಮೊದಲು ತಯಾರಾದವು ಬಹಳ ಕಡಿಮೆ. ಅವುಗಳ ಹಿಂದಿನ ಗಾಲಿಯ ನಡುವಿನ ಹಬ್ಬಿನೊಳಗೆ ಎರಡು ಗೇರು ಮಾತ್ರ. ಆಮೇಲೆ ಬಂದವುಗಳಿಗೆ ಮೂರು ಗೇರು. ತಮ್ಮದು ಮೊದಲಿನ ಬಗೆಯದು, ಇಂಥದು ಹಿಂದುಸ್ಥಾನದಲ್ಲಿ ಇನ್ನೊಂದಿರಲಿಕ್ಕಿಲ್ಲ ಎಂದರು. ಇನ್ನೂ ಒಂದು ವಿಷಯ ಹೇಳಿದರು: ಜೋಲಿಯನ್ನು ಮೇಲೆ ಕೆಳಗೆ ಮಾಡಲು ಬರುವುದಿಲ್ಲವಾದ್ದರಿಂದ ಈ ಸೈಕಲ್ಲುಗಳನ್ನು ಸವಾರನ ಕಾಲಿನ ಅಳತೆಗೆ ತಕ್ಕಂತೆ ಬೇರೆ ಬೇರೆ ಸೈಜಿನಲ್ಲಿ ಮಾಡುತ್ತಿದ್ದರು. ಒಂದು ಸೈಜಿನ ಭಾಗ ಇನ್ನೊಂದಕ್ಕೆ ಬರುವುದಿಲ್ಲ. ಇದನ್ನು ಕಾರಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡಿಕೊಡಬೇಕು ಎಂಬುದು ಅವರ ಬೇಡಿಕೆ.

ಆಮೇಲೆ ನೋಟ್‌ಬುಕ್ಕು ತೆಗೆದು ಒಂದೊಂದು ಭಾಗವನ್ನೂ ಬರೆದುಕೊಳ್ಳತೊಡಗಿದರು. ಎಷ್ಟು ಕಡ್ಡಿ, ಯಾವ ಕಡ್ಡಿ ಬಾಗಿದೆ, ಪೆಡಲಿನ ಯಾವ ಮೂಲೆ ಸವೆದಿದೆ, ಎಲ್ಲ. ನಮ್ಮವರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

"ನಿಮ್ಮ ಮ್ಯಾಲೆ ಸಂಶಯ ಅಂತಲ್ರೀ," ಎಂದರು ಸಾಹೇಬರು, ಬರೆಯುತ್ತಲೇ. "ಆದರ ಕ್ಯಾಂಪಿನ್ಯಾಗ ಕೊಟ್ಟದ್ದೇನು, ವಾಪಸ್ ಬರೂದೇನು, ನನಗ ಗೊತ್ತದ. ಅದಕ್ಕ ಬರಕೊಳ್ಳಿಕ್ಕತ್ತೀನಿ."

ಚಾಚಾ ತಲೆ ಎತ್ತದೆ ಬೇರೊಂದು ಸೈಕಲ್ಲಿನ ಚೈನು ತೊಳೆಯುತ್ತಿದ್ದರು. ಆ ಮಾತು ಅವರಿಗೆ ಕೇಳಿಸಿತ್ತು. ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬಂತು. ಮೊದಲ ದಿನ ನನಗೆ ಬಂದದ್ದು ಸಿಟ್ಟು, ಸಂಶಯವಲ್ಲ.

ಸೀಟು ಹೆಣೆಯುವವರು ಪುಣೆಯಲ್ಲಿ ಸಿಗಲಿಲ್ಲ. ಮಂಚಕ್ಕೆ ನವಾರು ಹಾಕುವವನನ್ನು ಕರೆಸಿದರೆ ಅವನು ನೋಡಿ ಆಗದೆಂದು ಕೈ ಆಡಿಸಿ ಹೋದ. ಆಗ ನಮ್ಮವರು ಒಳಗೆ ಬಂದು ನನ್ನನ್ನು ಕೇಳಿದರು. ನಾನು ನೇಕಾರರ ಮಗಳು, ಹುರಿ ಹೆಣೆದು ಜೋಲಿ ಕಟ್ಟುವುದನ್ನು ಅವ್ವನಿಂದ ಕಲಿತವಳು. ಉಳಿದಿದ್ದ ನಾಲ್ಕು ಎಳೆಗಳನ್ನು ಬೆಳಕಿಗೆ ಹಿಡಿದು ಹೆಣಿಗೆ ಹೇಗೆ ಹೋಗಿದೆ ಎಂದು ತಿಳಿದುಕೊಂಡೆ. ನಡುವೆ ದಟ್ಟವಾಗಿ, ಅಂಚಿಗೆ ಸಡಿಲವಾಗಿ, ತುದಿಗಳಲ್ಲಿ ಎಲ್ಲ ಎಳೆಗಳೂ ಒಂದು ಉಂಗುರಕ್ಕೆ ಬಂದು ಸೇರಬೇಕು. ಹತ್ತಿಯ ಗಟ್ಟಿ ಹುರಿಯ ಲಡಿಗಳನ್ನು ತರಿಸಿಕೊಂಡೆ. ಹೀಗೆ ನಾನು ಪರದೆಯ ಈಚೆಗೆ ಬಂದೆ. ರಿಪೇರಿಯ ಜಾಗದ ಒಂದು ಮೂಲೆಯಲ್ಲಿ ನನಗೊಂದು ಮಣೆ ಬಿತ್ತು.

ಸಾಹೇಬರು ದಿನಾ ಬರುತ್ತಿದ್ದರು. ಹತ್ತು ಗಂಟೆಗೆ ಬಂದು ಸ್ಟೂಲಿನ ಮೇಲೆ ಕೂತರೆ ಊಟದ ಹೊತ್ತಿನವರೆಗೆ ಚಾಚಾನ ಕೈಗಳನ್ನೇ ನೋಡುತ್ತಿದ್ದರು. ಚಾಚಾ ಚಿಮಣಿ ಎಣ್ಣೆ ಹಚ್ಚಿ ಬಣ್ಣ ಕೆರೆದರು. ಮೇಲೆ ಕಪ್ಪು, ಅದರ ಕೆಳಗೆ ಹಸಿರು, ಹಸಿರಿನ ಕೆಳಗೆ ಮತ್ತೆ ಕಪ್ಪು, ಆ ಕಪ್ಪಿನ ಮೇಲೆ ಕೂದಲೆಳೆಯಂಥ ಬಂಗಾರದ ಗೆರೆ. ಮೂಲದ ಬಣ್ಣ ಅದೇ ಎಂದು ಚಾಚಾ ಬೆರಳಿಟ್ಟು ತೋರಿಸಿದರು. ಸಾಹೇಬರಿಗೆ ಸಂತೋಷವಾಗುವ ಬದಲು ಹುಬ್ಬು ಗಂಟಾಯಿತು. ತಮ್ಮ ಸೈಕಲ್ಲಿಗೆ ಹಸಿರು ಬಣ್ಣ ಎಂದೂ ಇರಲಿಲ್ಲ, ಇದು ಎಲ್ಲಿಂದ ಬಂತು ಎಂದು ಕೇಳಿದರು. ನಿಮಗೆ ಮಾರುವ ಮೊದಲು ಯಾರೋ ಬಳಿದಿರಬೇಕು ಎಂದು ನಮ್ಮವರು ಹೇಳಿದರೂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು.

ಅವರು ಎದ್ದು ಹೋದ ಮೇಲೆ ಚಾಚಾ ನನ್ನನ್ನು ನೋಡಿ ನಕ್ಕು, ಈ ಸಾಹೇಬರು ತಮ್ಮ ನೆರಳನ್ನೂ ಬರೆದಿಟ್ಟುಕೊಂಡಾರು ಎಂದರು. ನಾನೂ ನಕ್ಕೆ. ಆದರೆ ದಿನವೂ ಒಬ್ಬರು ಎದುರಿಗೆ ಕೂತು ಮತ್ತೊಬ್ಬರ ಕೈಗಳನ್ನು ಕಳ್ಳನ ಕೈ ನೋಡುವಂತೆ ನೋಡುತ್ತಿದ್ದರೆ, ಪಕ್ಕದಲ್ಲಿ ಕೂತವರ ಕಣ್ಣೂ ಅತ್ತ ಹೋಗುತ್ತದೆ. ಒಂದು ವಾರದಲ್ಲಿ ನಾನೂ ಅವರ ಕೈಗಳನ್ನು ನೋಡತೊಡಗಿದ್ದೆ. ಸಂಜೆ ಮನೆಗೆ ಹೊರಡುವಾಗ ಅವರ ಚೀಲ ಬೆಳಗಿಗಿಂತ ಭಾರವಾಗಿದೆಯೇ ಎಂದು ಯೋಚಿಸಿದ್ದು ನೆನಪಿದೆ. ಹನ್ನೊಂದು ವರ್ಷದಲ್ಲಿ ಯಾರಿಗೂ ಬಾರದ ಯೋಚನೆ.

ಚಿಮಟಾದ ಒಂದು ಬೆಸುಗೆ ಬಿರುಕು ಬಿಟ್ಟಿತ್ತು. ಕೊಳವೆ ತೀರ ತೆಳುವಾದ್ದರಿಂದ ನಮ್ಮ ಅಂಗಡಿಯ ಒಲೆಯಲ್ಲಿ ಅದನ್ನು ಬೆಸೆಯಲಾಗದು, ಪರಿಚಯದವರ ಕುಲುಮೆಯೊಂದಿದೆ, ಅಲ್ಲಿ ಹಿತ್ತಾಳೆ ಬೆಸುಗೆ ಮಾಡಿಕೊಂಡು ಬರುತ್ತೇನೆ, ಹಬ್ಬನ್ನೂ ಒಯ್ದು ಬಿಚ್ಚಿ ತೊಳೆದು ತರುತ್ತೇನೆ ಎಂದರು ಚಾಚಾ. ನಮ್ಮವರು ಒಪ್ಪಿದರು. ಆ ದಿನ ಮಧ್ಯಾಹ್ನ, ನಮ್ಮವರೂ ಚಾಚಾನೂ ಹೊರಗಿದ್ದಾಗ, ನಾನು ಹುರಿಯ ಒಂದು ತುಂಡು ಕತ್ತರಿಸಿ, ಚಿಮಟಾದ ಮೇಲಿನ ಮೊನೆಯಿಂದ ಕೆಳಗೆ ಗಾಲಿ ಕೂಡುವ ತೂತಿನವರೆಗೆ ಹಿಡಿದು, ಎರಡು ಕಡೆ ಗಂಟು ಹಾಕಿದೆ. ಆ ತುಂಡನ್ನು ಕಳೆದುಹೋಗದಂತೆ ಹುರಿಯ ಲಡಿಗೇ ಸುತ್ತಿ ಇಟ್ಟೆ. ಹಾಗೆ ಮಾಡೆಂದು ನನಗೆ ಯಾರೂ ಹೇಳಿರಲಿಲ್ಲ. ಯಾರಿಗೂ ನಾನು ಹೇಳಲೂ ಇಲ್ಲ.

ಚಿಮಟಾ, ಹಬ್ಬು ಒಯ್ದು ಒಂದು ದಿನದಲ್ಲಿ ಬರುತ್ತೇನೆ ಎಂದ ಚಾಚಾ ನಾಲ್ಕು ದಿನ ಬರಲಿಲ್ಲ. ಎರಡನೆಯ ದಿನ ಸಾಹೇಬರು ಸ್ಟೂಲಿನ ಮೇಲೆ ಕೂರಲಿಲ್ಲ, ಬಾಗಿಲಲ್ಲೇ ನಿಂತು ಬೀದಿ ನೋಡಿದರು. ಮೂರನೆಯ ದಿನ ನಾನು ಕಾಯಿಪಲ್ಯ ತರಲು ಕ್ಯಾಂಪಿನ ಮಾರ್ಕೆಟ್ಟಿಗೆ ಹೋಗಿದ್ದೆ. ಟಾಂಗಾ ನಿಲ್ಲುವ ಜಾಗದಲ್ಲಿ ಚಾಚಾ ನಿಂತಿದ್ದರು. ಎದುರಿಗೆ ಖಾಕಿ ಕೋಟಿನ ಒಬ್ಬ ಅಪರಿಚಿತ. ಚಾಚಾನ ಕಂಕುಳಲ್ಲಿ ಗೋಣಿತಟ್ಟಿನಲ್ಲಿ ಸುತ್ತಿದ ಉದ್ದನೆಯ ಗಂಟು. ಆ ಮನುಷ್ಯ ಗೋಣಿಯ ತುದಿ ಸರಿಸಿ ಒಳಗೆ ನೋಡುತ್ತಿದ್ದ, ಬೆರಳಿನಿಂದ ಉಜ್ಜಿ ನೋಡುತ್ತಿದ್ದ. ಚಾಚಾ ನನ್ನನ್ನು ನೋಡಿದರು. ಬೀದಿಯ ಆಚೆ ಬದಿಯಲ್ಲಿದ್ದರೂ ತಂಗೆವ್ವ ಎಂದು ಕೂಗಿ ಕರೆಯುವವರು ಅಂದು ಮುಖ ತಿರುಗಿಸಿದರು.

ಚೀಲದಲ್ಲಿ ಏನು ಹಾಕಿಸಿಕೊಂಡೆ ಎಂಬುದೇ ನನಗೆ ಗೊತ್ತಾಗಲಿಲ್ಲ. ಮನೆಗೆ ಬಂದು ಗಂಜಿ ಕಾಯಿಸಿ ಹುರಿಯ ಲಡಿಗಳನ್ನು ಅದರಲ್ಲಿ ಅದ್ದಿದೆ. ಹೆಣೆಯುವ ಮೊದಲು ಹುರಿ ಗಟ್ಟಿಯಾಗಲಿ, ಆಮೇಲೆ ಜೋಲಿ ಜಗ್ಗದಿರಲಿ ಎಂದು. ಹಿಂಡಿ, ಅಂಗಳದ ತಂತಿಯ ಮೇಲೆ ಒಣಗಲು ಹಾಕಿದೆ. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಟಾಂಗಾ ಸ್ಟ್ಯಾಂಡಿನಲ್ಲಿತ್ತು. ನಮ್ಮವರಿಗೆ ಆ ದಿನ ಏನೂ ಹೇಳಲಿಲ್ಲ. ಹೇಳುವ ಮೊದಲು ಕೈಯಲ್ಲಿ ಏನಾದರೂ ಪುರಾವೆ ಇರಲಿ ಅನ್ನಿಸಿತು.

ಐದನೆಯ ದಿನ ಬೆಳಿಗ್ಗೆ ಚಾಚಾ ಬಂದರು. ಬೆಸುಗೆ ಎಷ್ಟು ಚೆನ್ನಾಗಿತ್ತೆಂದರೆ ಬಿರುಕು ಎಲ್ಲಿತ್ತೆಂದು ಹುಡುಕಬೇಕಿತ್ತು. ತಡವಾಯಿತು ಎಂದಷ್ಟೇ ಹೇಳಿ ಕೆಲಸಕ್ಕೆ ಕೂತರು. ಅವರು ನೀರು ಕುಡಿಯಲು ಎದ್ದಾಗ ನಾನು ಒಣಗಿದ ಲಡಿಯಿಂದ ಗಂಟು ಹಾಕಿದ ತುಂಡನ್ನು ಬಿಚ್ಚಿ ಚಿಮಟಾಕ್ಕೆ ಹಿಡಿದೆ. ಮೇಲಿನ ಗಂಟು ಮೊನೆಗೆ ಸರಿಯಾಗಿ ಕೂತರೆ ಕೆಳಗಿನ ಗಂಟು ತೂತನ್ನು ಮುಟ್ಟಲಿಲ್ಲ. ಒಂದು ಬೆರಳಿನಷ್ಟು ಕಡಿಮೆ. ಮೂರು ಸಲ ಹಿಡಿದು ನೋಡಿದೆ. ಚಿಮಟಾ ಒಂದು ಬೆರಳು ಉದ್ದವಾಗಿತ್ತು. ಅಂದರೆ ಇದು ಆ ಚಿಮಟಾ ಅಲ್ಲ. ದೊಡ್ಡ ಸೈಜಿನ ಇನ್ನಾವುದೋ ಸೈಕಲ್ಲಿನದು.

ಅದೇ ದಿನ ಇನ್ನೊಂದು ಸಂಗತಿ ಆಯಿತು. ತೊಳೆದ ಹಬ್ಬನ್ನು ಚಾಚಾ ಹಿಂದಿನ ಗಾಲಿಗೆ ಕೂಡಿಸಿ, ಗೇರು ಬದಲಿಸುವ ಸರಪಳಿಯನ್ನು ಕೈಯಿಂದ ಜಗ್ಗಿ ಗಾಲಿ ತಿರುಗಿಸಿ ತೋರಿಸಿದರು. ಒಂದು, ಎರಡು, ಮೂರು. ಮೂರು ಗೇರು ಇದಕ್ಕ, ಎಂದರು ಸಂತೋಷದಿಂದ. ಸಾಹೇಬರು ಸ್ಟೂಲಿನಿಂದ ಎದ್ದು ನಿಂತರು. ಇಪ್ಪತ್ತು ವರ್ಷ ತುಳಿದವರು ಅವರು, ತಮ್ಮ ಸೈಕಲ್ಲಿಗೆ ಎರಡೇ ಗೇರು ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದದ್ದನ್ನು ತೆರೆದು ನಮ್ಮವರ ಮುಖದ ಮುಂದೆ ಹಿಡಿದರು. ತಮ್ಮ ಮೊದಲ ಬಗೆಯ ಹಬ್ಬು ಎಲ್ಲೋ ಹೋಗಿದೆ, ಅದರ ಬದಲು ನಂತರದ ಬಗೆಯ ಹಬ್ಬು ಬಂದಿದೆ ಎಂದರು. ದನಿ ಏರಿಸಲಿಲ್ಲ. ಇದು ಆಗುತ್ತದೆ ಎಂದು ಅವರಿಗೆ ಮೊದಲೇ ಗೊತ್ತಿದ್ದ ಹಾಗಿತ್ತು.

ನಾನು ಆಗ ಬಾಯಿ ಮುಚ್ಚಿಕೊಂಡಿದ್ದರೆ ಮಾತು ಹೇಗೋ ಮುಗಿಯುತ್ತಿತ್ತು. ನಮ್ಮವರು ಚಾಚಾನ ಪರವಾಗಿ ನಿಲ್ಲುತ್ತಿದ್ದರು. ಆದರೆ ನಾನು ಅವರನ್ನು ಒಳಗೆ ಕರೆದು ಎಲ್ಲ ಹೇಳಿದೆ. ಹುರಿಯ ತುಂಡು, ಬೆರಳಿನ ಅಂತರ, ಟಾಂಗಾ ಸ್ಟ್ಯಾಂಡು, ಖಾಕಿ ಕೋಟು. ಅವರು ಹುರಿಯ ತುಂಡು ತೆಗೆದುಕೊಂಡು ಎರಡು ಗಂಟುಗಳನ್ನೂ ಮುಟ್ಟಿ ನೋಡಿದರು. ಆಮೇಲೆ ಹೊರಗೆ ಹೋದರು. ನಾನು ಪರದೆಯ ಹಿಂದೆ ನಿಂತೆ.

"ಚಾಚಾ, ಆ ನಾಲ್ಕು ದಿನ ಎಲ್ಲಿದ್ರಿ?" ಎಂದು ಕೇಳಿದರು.

ಚಾಚಾ ಹಬ್ಬಿನ ಮೇಲಿನ ಎಣ್ಣೆ ಒರೆಸುತ್ತಲೇ ಇದ್ದರು.

"ಚಿಮಟಾ ಯಾರಿಗೋ ತೋರಸಾಕತ್ತಿದ್ರಂತ. ಹೌದೋ ಅಲ್ಲೋ?"

"ಹೌದು."

"ಯಾಕ? ಈಗ ಅಳದ್ರ ಒಂದು ಬೆರಳು ಉದ್ದ ಬರತೈತಿ."

ಚಾಚಾ ಚಿಮಟಾವನ್ನು ಅವರ ಮುಂದೆ ಸರಿಸಿ ಹೇಳಿದರು: "ಅದ ಚಿಮಟಾ, ಅದ ಹಬ್ಬು. ಜೋಡಿಸಿ ನೋಡ್ರಿ ಮಾಲಕರ. ಬ್ಯಾರೆ ಸೈಜಿಂದಿದ್ರ ಈ ತೂತಿಗೆ ಈ ಬೋಲ್ಟ ಕೂಡತೈತೇನು?"

ಹೊಸ ತೂತು ಕೊರೆಯುವುದೇನು ದೊಡ್ಡ ಕೆಲಸವಲ್ಲ ಎಂದರು ಸಾಹೇಬರು. ಚಾಚಾ ಅವರ ಕಡೆ ನೋಡಲೂ ಇಲ್ಲ. ಪರದೆಯ ಕಡೆ ನೋಡಿದರು. ನಾನು ಅಲ್ಲಿದ್ದೇನೆಂದು ಅವರಿಗೆ ಗೊತ್ತಿತ್ತು. ಮಾರ್ಕೆಟ್ಟಿನಲ್ಲಿ ನನ್ನನ್ನು ಕಂಡವರಲ್ಲವೇ. ಎದ್ದು ಕೈ ಒರೆಸಿಕೊಂಡರು. ಅಂಗಡಿಯ ಪಾನಾಗಳನ್ನು ಒಂದೊಂದಾಗಿ ಗೂಟಕ್ಕೆ ಹಾಕಿ, ಕಬ್ಬಿಣ ಉಜ್ಜುವ ತಮ್ಮದೊಂದು ಅರವನ್ನು ಮಾತ್ರ ಚೀಲಕ್ಕಿಟ್ಟುಕೊಂಡು ಇಳಿದು ಹೋದರು. ಚೀಲದ ಬಾಯಿ ತೆರೆದು ಎಲ್ಲರಿಗೂ ಕಾಣುವಂತೆ ಹಿಡಿದಿದ್ದರು.

ಮುಂದಿನ ಎಂಟು ಹತ್ತು ದಿನ ನಾನು ಜೋಲಿ ಹೆಣೆದೆ. ರಿಪೇರಿಗೆ ನಮ್ಮವರೊಬ್ಬರೇ ಕೂರುತ್ತಿದ್ದರು. ಸಾಹೇಬರು ಬಂದು ನನ್ನ ಮಣೆಯ ಪಕ್ಕ ನಿಂತು, ನೀವೊಬ್ಬರು ಅಳೆದಿಟ್ಟದ್ದರಿಂದ ಗೊತ್ತಾಯಿತು ನೋಡಿ ಎಂದು ಹೊಗಳಿದರು. ಆ ಹೊಗಳಿಕೆ ಮೈಮೇಲೆ ಹುಳ ಹರಿದ ಹಾಗಾಯಿತು. ಆದರೂ ನಾನು ಕಂಡದ್ದು ಕಂಡದ್ದೇ, ಅಳೆದದ್ದು ಅಳೆದದ್ದೇ ಎಂದು ನನಗೆ ನಾನೇ ಹೇಳಿಕೊಂಡೆ.

ಜೋಲಿಯ ಕೊನೆಯ ಸಾಲುಗಳಿಗೆ ಹುರಿ ಕಡಿಮೆ ಬಿತ್ತು. ಹೊಸ ಲಡಿಯೊಂದನ್ನು ತೆಗೆದೆ. ಅದಕ್ಕಿನ್ನೂ ಗಂಜಿ ಹಾಕಿರಲಿಲ್ಲ. ಗಂಜಿ ಹಾಕಿದ ಹಳೆಯ ಎಳೆಯ ಪಕ್ಕದಲ್ಲಿ ಹಿಡಿದು ಎಷ್ಟು ಬೇಕೆಂದು ಅಂದಾಜು ಮಾಡುತ್ತಿದ್ದೆ. ನೀರು ಕಂಡರೆ ಹೊಸ ಹುರಿ ಎಳೆದುಕೊಂಡು ಗಿಡ್ಡವಾಗುತ್ತದೆ, ಆದ್ದರಿಂದ ತುಸು ಉದ್ದ ಕತ್ತರಿಸಬೇಕು. ಇದು ನಮ್ಮ ಮನೆಯಲ್ಲಿ ಎಂಟು ವರ್ಷದ ಹುಡುಗಿಗೂ ಗೊತ್ತಿರುವ ವಿಷಯ. ಕತ್ತರಿ ಕೈಯಲ್ಲೇ ಉಳಿಯಿತು.

ಅಳತೆಯ ತುಂಡನ್ನು ನಾನು ಲಡಿಗೆ ಸುತ್ತಿ ಇಟ್ಟಿದ್ದೆ. ಲಡಿಯನ್ನು ಗಂಜಿಯಲ್ಲಿ ಅದ್ದಿದ್ದೆ. ತುಂಡೂ ಅದರ ಜೊತೆಗೇ ನೆಂದು, ಒಣಗಿ, ಎಳೆದುಕೊಂಡಿತ್ತು. ಚಿಮಟಾ ಬೆಳೆದಿರಲಿಲ್ಲ. ನನ್ನ ಅಳತೆಯೇ ಕುಗ್ಗಿತ್ತು. ನಂಬಲಾರದೆ ಹೊಸ ಹುರಿಯ ಒಂದು ತುಂಡಿಗೆ ಅಷ್ಟೇ ಅಂತರದಲ್ಲಿ ಎರಡು ಗಂಟು ಹಾಕಿ ನೀರಲ್ಲಿ ಅದ್ದಿ ಬಿಸಿಲಿಗಿಟ್ಟೆ. ಮಧ್ಯಾಹ್ನಕ್ಕೆ ಅದೂ ಒಂದು ಬೆರಳು ಗಿಡ್ಡವಾಗಿತ್ತು.

ಆ ತುಂಡನ್ನು ಒಲೆಗೆ ಹಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಕಬೇಕೆಂದು ಒಲೆಯ ಹತ್ತಿರ ಹೋದದ್ದೂ ಹೌದು. ಆದರೆ ಹಬ್ಬು? ಹಬ್ಬಿನ ಮೂರನೆಯ ಗೇರಂತೂ ಸುಳ್ಳಲ್ಲವಲ್ಲ, ಅಷ್ಟರ ಮಟ್ಟಿಗಾದರೂ ನನ್ನ ಸಂಶಯ ಸರಿ ಎಂದು ಒಂದು ಆಸೆ. ಮೊದಲ ವಾರ ನಮ್ಮವರು ಗೇರು ಬದಲಿಸುವ ಲಿವರನ್ನು ಹ್ಯಾಂಡಲಿನಿಂದ ಬಿಚ್ಚಿಕೊಟ್ಟಾಗ ನಾನೇ ಬಟ್ಟೆಯಲ್ಲಿ ಸುತ್ತಿ ನನ್ನ ಟ್ರಂಕಿನಲ್ಲಿಟ್ಟಿದ್ದೆ. ಅದು ಚಾಚಾನ ಕೈಗೆ ಹೋಗಿರಲೇ ಇಲ್ಲ. ತೆಗೆದು ನೋಡಿದೆ. ಹಿತ್ತಾಳೆಯ ಪಟ್ಟಿಯಲ್ಲಿ ಲಿವರು ಕೂಡಲು ಎರಡು ಕಚ್ಚುಗಳಿದ್ದವು. ಅವೆರಡರ ಆಚೆ ಹಳೆಯ ಬಣ್ಣ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಮೇಲೆ ಕಪ್ಪು, ಕೆಳಗೆ ಹಸಿರು. ಚಿಮಣಿ ಎಣ್ಣೆಯಲ್ಲಿ ನೆನೆಸಿ ಸೂಜಿಯಿಂದ ಕೆದಕಿದೆ. ಬಣ್ಣದ ತುಣುಕು ಎದ್ದು ಬಂದಾಗ ಅದರ ಕೆಳಗೆ ಮೂರನೆಯ ಕಚ್ಚು ಕಾಣಿಸಿತು.

ಸೈಕಲ್ಲಿಗೆ ಮೊದಲಿನಿಂದಲೂ ಮೂರು ಗೇರು ಇದ್ದವು. ಯಾರೋ ಹಸಿರು ಬಣ್ಣ ಬಳಿಯುವಾಗ ಒಂದು ಕಚ್ಚು ಮುಚ್ಚಿಹೋಗಿತ್ತು. ಮೂರನೆಯ ಗೇರು ಸಾಹೇಬರಿಗೆ ಇಪ್ಪತ್ತು ವರ್ಷ ಸಿಕ್ಕಿರಲಿಲ್ಲ, ಅಷ್ಟೇ.

ನಮ್ಮವರು ಬಂದಾಗ ಎರಡು ತುಂಡು ಹುರಿಯನ್ನೂ ಲಿವರನ್ನೂ ಅವರ ಮುಂದಿಟ್ಟೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಹೇಳಿದ್ದು ಇಷ್ಟೇ: "ನೀ ಅಳದಿ. ನಾ ಕೇಳಿದೆ. ನಾಳೆ ಇಬ್ಬರೂ ಹೋಗೂಣು."

ಚಾಚಾನ ಮನೆ ಖಡಕಿಯಲ್ಲಿ, ಮದ್ದುಗುಂಡಿನ ಕಾರಖಾನೆಯ ಕೆಲಸಗಾರರ ಚಾಳುಗಳ ಹತ್ತಿರ. ಅಷ್ಟು ವರ್ಷವಾದರೂ ನಾನು ಹೋಗಿದ್ದು ಅದೇ ಮೊದಲು. ಅವರ ಹೆಂಡತಿ ಬಾಗಿಲಿಗೆ ಬಂದು ನಮ್ಮನ್ನು ಚಾಪೆಯ ಮೇಲೆ ಕೂರಿಸಿ ಒಳಗೆ ಹೋದರು. ಚಾಚಾ ಹೊಸ ಖಾಕಿ ಅಂಗಿಯಲ್ಲಿದ್ದರು. ನಮ್ಮವರು ಮಾತು ಶುರು ಮಾಡುವ ಮೊದಲೇ ನಾನು ಹೇಳಿಬಿಟ್ಟೆ. ಚಿಮಟಾ ಅಳೆದವಳು ನಾನು, ಹುರಿ ಕುಗ್ಗಿದ್ದನ್ನು ತಿಳಿಯದವಳೂ ನಾನೇ ಎಂದು.

ಚಾಚಾ ನೆಲ ನೋಡುತ್ತ ಕೇಳಿಸಿಕೊಂಡರು. ಆಮೇಲೆ, "ನಾನೂ ಮುಚ್ಚಿಟ್ಟಿದ್ದೆ, ತಂಗೆವ್ವ," ಎಂದರು.

ಆ ನಾಲ್ಕು ದಿನದ ಕಥೆ ಆಗ ತಿಳಿಯಿತು. ಖಾಕಿ ಕೋಟಿನವನು ಆ ಕಾರಖಾನೆಯ ಬೆಸುಗೆ ವಿಭಾಗದ ಮುಕಾದಮ, ಕೆಲಸಗಾರರ ಮೇಲ್ವಿಚಾರಕ. ಅಲ್ಲಿ ಕೈ ಬೇಕಾಗಿತ್ತು. ಮಗಳ ಮದುವೆ ಹತ್ತಿರ ಬಂದಿತ್ತು, ಕಾಯಂ ನೌಕರಿ ಸಿಕ್ಕರೆ ಒಳ್ಳೆಯದಿತ್ತು. ನಿನ್ನ ಕೆಲಸದ ನಮೂನೆ ತೋರಿಸು ಎಂದಿದ್ದನಂತೆ ಅವನು. ಚಾಚಾ ತಮ್ಮ ಜೀವಮಾನದಲ್ಲೇ ಮಾಡಿದ ನಾಜೂಕಿನ ಬೆಸುಗೆ ಆ ಚಿಮಟಾದ್ದು. ನಾಲ್ಕು ದಿನ ಅವನ ಹಿಂದೆ ಅಲೆದು ಅದನ್ನೇ ತೋರಿಸಿದ್ದರು, ನೌಕರಿಯೂ ಸಿಕ್ಕಿತ್ತು. ಗಿರಾಕಿಯ ವಸ್ತುವನ್ನು ಹಾಗೆ ಹೇಳದೆ ಕೇಳದೆ ಒಯ್ಯಬಾರದಿತ್ತು, ಅಂಗಡಿ ಬಿಡುವ ವಿಚಾರವನ್ನು ಮಾಲಕರಿಗೆ ಮೊದಲೇ ಹೇಳಬೇಕಿತ್ತು ಎಂದು ಅವರಿಗೂ ನಾಚಿಕೆ. ಅದಕ್ಕೇ ಮಾರ್ಕೆಟ್ಟಿನಲ್ಲಿ ಮುಖ ತಿರುಗಿಸಿದ್ದು, ಅದಕ್ಕೇ ಅಂಗಡಿಯಲ್ಲಿ ಉತ್ತರ ಕೊಡದೆ ಕೂತದ್ದು.

ಹಾಗಾದರೆ ನನ್ನ ಸಂಶಯ ಪೂರ್ತಿ ಸುಳ್ಳಾಗಿರಲಿಲ್ಲ ಎಂದು ಯಾರಾದರೂ ಹೇಳಬಹುದು. ನಾನೂ ಎಷ್ಟೋ ಸಲ ಹಾಗೆ ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಅವರು ಏನೋ ಮುಚ್ಚಿಟ್ಟಿದ್ದರು, ಅದು ನಿಜ. ಆದರೆ ಅವರು ಮುಚ್ಚಿಟ್ಟದ್ದು ಒಂದು, ನಾನು ಹೊರಿಸಿದ್ದು ಇನ್ನೊಂದು.

ನಮ್ಮವರು ವಾಪಸು ಬನ್ನಿ ಎಂದು ಕರೆದರು. "ನೀವು ನನ್ನ ಕೇಳಿದ್ರಿ, ಅದು ತಪ್ಪಲ್ಲ ಮಾಲಕರ," ಎಂದರು ಚಾಚಾ. "ಆದರ ಆ ಸಾಹೇಬರ ಮುಂದ ಕೇಳಿದ್ರಿ." ಮತ್ತೆ ಆ ಮಾತು ಎತ್ತಲಿಲ್ಲ. ಜೋಲಿ ಹೇಗೆ ಬಂತು ಎಂದು ನನ್ನನ್ನು ವಿಚಾರಿಸಿದರು. ತುದಿಯ ಉಂಗುರಕ್ಕೆ ಚರ್ಮದ ಪಟ್ಟಿ ಸುತ್ತು, ಇಲ್ಲದಿದ್ದರೆ ಹುರಿ ಸವೆದೀತು ಎಂದು ಹೇಳಿಕೊಟ್ಟರು.

ನಮ್ಮವರೇ ಸೈಕಲ್ ಜೋಡಿಸಿದರು. ಪ್ರತಿ ಬೋಲ್ಟೂ ತನ್ನ ತೂತಿಗೆ ತಾನೇ ಹೋಗಿ ಕೂತಿತು. ಚಾಚಾ ಹೇಳಿದ ಹಾಗೆ ಆ ದಿನವೇ ಜೋಡಿಸಿ ನೋಡಿದ್ದರೆ ಸಾಕಾಗಿತ್ತು. ಕಪ್ಪು ಬಣ್ಣ, ಬಂಗಾರದ ಗೆರೆ, ನಡುವೆ ನನ್ನ ಬಿಳಿ ಜೋಲಿ. ಅಷ್ಟು ಚೆಂದದ ಸೈಕಲ್ಲು ಆಮೇಲೂ ನಮ್ಮ ಅಂಗಡಿಗೆ ಬಂದಿಲ್ಲ.

ಸಾಹೇಬರು ಬಂದಾಗ ನಮ್ಮವರು ಲಿವರಿನ ಮೂರು ಕಚ್ಚು ತೋರಿಸಿದರು. ಸೂಜಿಯಿಂದ ಎದ್ದ ಬಣ್ಣದ ತುಣುಕನ್ನು ಕಾಗದದಲ್ಲಿಟ್ಟು ತೋರಿಸಿದರು. ನಾನು ಹುರಿಯ ಎರಡು ತುಂಡನ್ನೂ ಕೊಟ್ಟು ನಡೆದದ್ದು ಹೇಳಿದೆ. ಇದು ನಂತರದ ಬಗೆಯ ಸೈಕಲ್ಲು, ಕೊಂಡ ದಿನದಿಂದಲೂ ಹೀಗೆಯೇ ಇತ್ತು ಎಂದು ನಮ್ಮವರು ಮೆಲ್ಲಗೆ ಹೇಳಿದರು.

ಅವರು ಲಿವರನ್ನು ಭೂತಗನ್ನಡಿ ಹಿಡಿದು ನೋಡಿದರು. ಹುರಿಯ ತುಂಡುಗಳನ್ನು ಜಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಈ ಕಚ್ಚು ಹೊಸದಾಗಿ ಕೊರದದ್ದಲ್ಲ ಅಂತ ನಾ ಹ್ಯಾಂಗ ತಿಳೀಬೇಕ್ರೀ? ಲಿವರ್ ನಿಮ್ಮ ಹತ್ರನ ಇತ್ತಲ್ಲ."

ಕೆಲವೇ ದಿನದ ಹಿಂದೆ ನನ್ನನ್ನು ಹೊಗಳಿದ ಬಾಯಿ ಅದು. ಕೊರೆದಿಲ್ಲ ಎಂದು ತೋರಿಸಲು ನನ್ನ ಹತ್ತಿರ ಏನಿತ್ತು? ನನ್ನ ಮಾತೊಂದೇ ಇತ್ತು. ಚಾಚಾನ ಹತ್ತಿರವೂ ಆ ದಿನ ಅಷ್ಟೇ ಇತ್ತು.

ಸೈಕಲ್ಲನ್ನು ಅವರು ತುಳಿದುಕೊಂಡು ಹೋಗಲಿಲ್ಲ. ತಂದ ಹಾಗೆಯೇ ಕೈಗಾಡಿಯ ಮೇಲೆ ಒಯ್ದರು. ಆಮೇಲೆಯೂ ವಾರಕ್ಕೊಮ್ಮೆ ನಮ್ಮ ಬೀದಿಗೆ ಬರುತ್ತಿದ್ದರು. ಎದುರು ಬದಿಯಲ್ಲಿ ನಿಂತು, ನಮ್ಮ ಅಂಗಡಿಯ ಮುಂದೆ ಸಾಲಾಗಿ ನಿಂತ ಬಾಡಿಗೆ ಸೈಕಲ್ಲುಗಳ ಹಿಂದಿನ ಗಾಲಿಗಳನ್ನು ಒಂದೊಂದಾಗಿ ನೋಡುತ್ತಿದ್ದರು. ತಮ್ಮ ಹಬ್ಬು ಹುಡುಕುತ್ತಿದ್ದರು. ಮೊದಮೊದಲು ನಮ್ಮವರು ಚಹಾಕ್ಕೆ ಕರೆಯುತ್ತಿದ್ದರು. ಅವರು ಬರುತ್ತಿರಲಿಲ್ಲ. ಎರಡು ವರ್ಷ ಹಾಗೆ ಬಂದಿರಬೇಕು. ನನಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುತ್ತಿರಲಿಲ್ಲ. ಪರದೆ ಎಳೆದು ಒಳಗೆ ಕೂರುತ್ತಿದ್ದೆ.

ಸೈಕಲ್ಲು ಹೋದ ಮರುವರ್ಷ ಚಾಚಾನ ಮಗಳ ಮದುವೆಗೆ ಕರೆ ಬಂತು. ಅವರೇ ಬಂದು ಕರೆದರು, ಆದರೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ, ಕೆಳಗೆ ನಿಂತೇ ಹೇಳಿ ಹೋದರು. ನಾನು ತವರಿನಿಂದ ಎರಡು ಒಳ್ಳೆಯ ಖಣ ತರಿಸಿ ಮದುಮಗಳಿಗೆ ಒಯ್ದೆ. ನಮಗೆಂದು ಬೇರೆಯಾಗಿ ಬಾಳೆಹಣ್ಣು, ಸಕ್ಕರೆ ಹಾಕಿದ ಹಾಲು ತರಿಸಿಟ್ಟಿದ್ದರು. ಚಪ್ಪರದ ಕೆಳಗೆ ಚಾಚಾ ನಮ್ಮವರನ್ನು ತಮ್ಮ ಬೀಗರಿಗೆ ಪರಿಚಯಿಸಿದರು, ಇವರ ಅಂಗಡಿಯಲ್ಲಿ ಹನ್ನೊಂದು ವರ್ಷ ಇದ್ದೆ ಎಂದು. ಹಾಗಾದರೆ ಬಿಟ್ಟದ್ದು ಯಾಕೆ ಎಂದು ಬೀಗರಲ್ಲಿ ಒಬ್ಬರು ಕೇಳಿದರು. ನಾನು ಹೆಂಗಸರ ನಡುವೆ ಹಾಲಿನ ಲೋಟ ಹಿಡಿದು ಕೂತಿದ್ದೆ. ಕಾರಖಾನೆಯ ಪಗಾರ ಚೆನ್ನಾಗಿತ್ತು, ಅದಕ್ಕೆ, ಎಂದರು ಚಾಚಾ. ನಮ್ಮವರು ತಲೆ ತಗ್ಗಿಸಿದರು.

ಹಿಂತಿರುಗುವಾಗ ಟಾಂಗಾ ಖಡಕಿಯ ಬಜಾರು ದಾಟಿತು. ಆಮೇಲೆ ನಮ್ಮವರು, ಇನ್ನು ಹೊಸ ಮಿಸ್ತ್ರಿಯನ್ನು ನೋಡಲೇಬೇಕು ಎಂದರು. ಒಂದು ವರ್ಷ ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳದೆ ಎಲ್ಲ ಕೆಲಸವನ್ನೂ ಅವರೊಬ್ಬರೇ ಮಾಡುತ್ತಿದ್ದರು. ನಾನು ಹೂಂ ಎಂದೆ. ಮುಂದಿನ ತಿಂಗಳು ಶಿರೂರಿನ ಕಡೆಯ ಒಬ್ಬ ಮರಾಠಿ ಮಿಸ್ತ್ರಿ ಕೆಲಸಕ್ಕೆ ಬಂದ.